ಹೊರಗಿನ ಅಗುಳಿ

ನಮ್ಮ ಸೀಮೆಯಲ್ಲಿ ಐದು ಊರು. ಐದು ಊರಿಗೆ ಐದು ಹೆಬ್ಬಾಗಿಲು. ಐದು ಹೆಬ್ಬಾಗಿಲಿಗೂ ಅಗುಳಿ ಇರುವುದು ಹೊರಗಡೆ.

ಹೊಸಬರು ಕೇಳಿದರೆ ನಗುತ್ತಾರೆ. ನಗಲಿ ಬಿಡಿ. ಮನೆಯ ಬಾಗಿಲಿಗೆ ಅಗುಳಿ ಒಳಗಿರುತ್ತೆ, ದನದ ದೊಡ್ಡಿಗೆ ಹೊರಗಿರುತ್ತೆ, ನೀವೇನು ದನಗಳೇನಮ್ಮ ಅಂತ ಒಬ್ಬ ಬಳೆಗಾರ ನನ್ನ ಮುಖದ ಮೇಲೇ ಕೇಳಿದ್ದ. ನನಗೆ ಸಿಟ್ಟು ಬಂತು. ಆದರೂ ಒಂದು ಲೋಟ ಮಜ್ಜಿಗೆ ಕೊಟ್ಟು, ಕೂತ್ಕೋ ಮಾರಾಯ, ಕುಡಿದು ಮುಗಿಸೋದರೊಳಗೆ ಹೇಳ್ತೀನಿ ಅಂದೆ. ಮಜ್ಜಿಗೆ ಮುಗಿಯಿತು, ಮಾತು ಮುಗಿಯಲಿಲ್ಲ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ನಾನು ಗಾಣದೂರಿನವಳು. ನಮ್ಮ ಹೆಬ್ಬಾಗಿಲಿನ ತಿರುಗುಣಿಗೆ ದಿನಾ ಹರಳೆಣ್ಣೆ ಬಿಡುವುದು ನನ್ನ ಕೆಲಸ. ನನ್ನ ತಾಯಿಯದೂ ಅದೇ ಕೆಲಸ, ಅವಳ ತಾಯಿಯದೂ ಅದೇ. ಬಾಗಿಲ ಬಳಿ ಕೆಲಸ ಮಾಡುವವರನ್ನು ನಮ್ಮ ಕಡೆ ಹೆಸರು ಹಿಡಿದು ಕರೆಯುವುದಿಲ್ಲ. ನನ್ನನ್ನು ಎಣ್ಣೆಯವಳು ಅನ್ನುತ್ತಾರೆ. ಎಣ್ಣೆ ಬಿಟ್ಟ ಬಾಗಿಲು ಕಿರುಗುಟ್ಟುವುದಿಲ್ಲ, ನಾನು ಮಾತ್ರ ಕಿರುಗುಟ್ಟುತ್ತಾ ಇರುತ್ತೇನೆ ಅಂತ ಊರವರು ಆಡಿಕೊಳ್ಳುತ್ತಾರೆ.

ಊರುಗಳು ಇವು: ಗಾಣದೂರು, ಮಗ್ಗದೂರು, ಉಪ್ಪಿನೂರು, ಮಡಕೆಯೂರು, ಕುಲುಮೆಯೂರು. ಯಾವ ಊರೂ ತನ್ನ ಬಾಗಿಲನ್ನು ತಾನು ಹಾಕುವಂತಿಲ್ಲ, ತಾನು ಕಾಯುವಂತಿಲ್ಲ. ಪಕ್ಕದೂರಿನವರು ಬಂದು ಹೊರಗಿಂದ ಅಗುಳಿ ಸೇರಿಸಿ, ಬಾಗಿಲಿಗೆ ಬೆನ್ನು ಕೊಟ್ಟು, ಬಯಲಿಗೆ ಮುಖ ಮಾಡಿ ಕೂರಬೇಕು. ಐದೂ ಊರಿನ ಲೆಕ್ಕ ನಿಮಗೆ ಬೇಡ. ಇಷ್ಟು ನೆನಪಿದ್ದರೆ ಸಾಕು: ನಮ್ಮನ್ನು ಮಗ್ಗದೂರಿನವರು ಕಾಯುತ್ತಾರೆ. ಮಗ್ಗದೂರನ್ನು ಉಪ್ಪಿನೂರಿನವರು ಕಾಯಬೇಕು.

ಒಬ್ಬರ ಸರದಿ ಅಂದರೆ ಅಮಾವಾಸ್ಯೆಯಿಂದ ಅಮಾವಾಸ್ಯೆಗೆ. ಹೊತ್ತು ಇಳಿದಾಗ ಅಗುಳಿ ಹಾಕಬೇಕು, ಹೊತ್ತು ಹುಟ್ಟಿದಾಗ ತೆಗೆಯಬೇಕು. ಐದೂರಿನ ನಡುವೆ ಇರುವ ನಡುಗುಡ್ಡದ ಮೇಲಿಂದ ಅಪಾಯದ ಕೊಂಬು ಕೇಳಿದರೆ ಹಾಡುಹಗಲಾದರೂ ಹಾಕಬೇಕು. ಸರದಿ ಮುಗಿಯುವತನಕ ಕಾವಲಿನವರು ಊರ ಕಡೆಗೆ ಮುಖ ತಿರುಗಿಸುವಂತಿಲ್ಲ. ಊಟ ನೀರನ್ನು ನಾವು ಬಾಗಿಲ ಕಿಂಡಿಯಿಂದ ಕೊಡುತ್ತೇವೆ, ಅವರು ಕೈ ಹಿಂದೆ ಚಾಚಿ ತೆಗೆದುಕೊಳ್ಳುತ್ತಾರೆ. ಪ್ರತಿ ಸಲ ಅಗುಳಿ ಬಿದ್ದ ಸದ್ದು ಕೇಳಿದಾಗ ಒಳಗಿನವರು ಒಂದು ಮಾತು ಕೇಳಬೇಕು:

"ಹೊರಗೆ ಯಾರು?"

ಹೊರಗಿನವರು ಹೇಳಬೇಕು: "ನಿಮ್ಮೂರ ಬೆನ್ನು."

ಅಷ್ಟೇ. ಇಷ್ಟನ್ನು ಕೇಳಿ ನಾವು ಹೋಗಿ ಮಲಗುತ್ತೇವೆ.

ಮೊದಲು ಹೀಗಿರಲಿಲ್ಲವಂತೆ. ಅಗುಳಿ ಒಳಗೇ ಇತ್ತಂತೆ. ಐದೂರಿನವರಿಗೂ ಒಬ್ಬರನ್ನು ಕಂಡರೆ ಒಬ್ಬರಿಗಾಗದು. ಮಗ್ಗದೂರಿನ ಗೋಡೆಯಲ್ಲಿರುವ ತೂತು ನಮ್ಮಜ್ಜಂದಿರು ಮಾಡಿದ್ದು, ನಮ್ಮ ಗೋಡೆಯ ತೂತು ಅವರ ಅಜ್ಜಂದಿರು ಮಾಡಿದ್ದು. ವರ್ಷಕ್ಕೊಂದು ಸಲ ಧೂಳಿನವರು ಬರುತ್ತಿದ್ದರು. ಅವರ ಮುಖ ಯಾರೂ ಸರಿಯಾಗಿ ನೋಡಿಲ್ಲ. ಮೊದಲು ಧೂಳು ಬರುತ್ತೆ, ಆಮೇಲೆ ಗೊರಸಿನ ಸದ್ದು, ಆಮೇಲೆ ಬೆಂಕಿ. ಯಾವುದೋ ಒಂದು ಊರಿಗೆ ನುಗ್ಗುತ್ತಿದ್ದರು. ಮಿಕ್ಕ ನಾಲ್ಕೂರು ಅಗುಳಿ ಹಾಕಿಕೊಂಡು, ಸದ್ಯ ನಮ್ಮೂರಲ್ಲ ಅಂದುಕೊಂಡು, ಆ ಊರಿನ ಅಳುವನ್ನು ಗೋಡೆಯೊಳಗಿಂದ ಕೇಳುತ್ತಿದ್ದವು. ಮುಂದಿನ ವರ್ಷ ಅಳುವ ಸರದಿ ಇನ್ನೊಬ್ಬರದು.

ಐದೂರಿಗೂ ಇದ್ದವಳು ಒಬ್ಬಳೇ ಸೂಲಗಿತ್ತಿ. ಒಂದು ವರ್ಷ ಅವಳು ಕೈ ತೊಳೆದುಕೊಂಡು ನಡುಗುಡ್ಡ ಹತ್ತಿ ಕೂತುಬಿಟ್ಟಳಂತೆ. ಸುಡೋಕೆ ಅಂತ ನಾನು ಮಕ್ಕಳನ್ನು ಹೆರಿಸೋದಿಲ್ಲ ಅಂದಳಂತೆ. ಐದೂರಿನ ಹಿರಿಯರು ಅವಳ ಮುಂದೆ ಸೇರಿದರು. "ನಿಮ್ಮ ಅಗುಳಿ ಕಿತ್ತು ಪಕ್ಕದೂರಿನವನ ಕೈಗೆ ಕೊಡಿ. ನಿನ್ನ ಬಾಗಿಲು ಹಾಕೋನು ಅವನು, ಅವನ ಬಾಗಿಲು ಹಾಕೋನು ಇನ್ನೊಬ್ಬ. ಆಮೇಲೆ ನೋಡೋಣ ಯಾರು ಯಾರ ಗೋಡೆಗೆ ತೂತು ಕೊರೀತೀರೋ," ಅಂದಳು ಆ ಮಹಾತಾಯಿ.

ಹಿರಿಯರು ಅಂದರೆ ಕೇಳಬೇಕೇ! ಮೂರು ಮಳೆಗಾಲ ವಾದ ಮಾಡಿದರಂತೆ. ಅಗುಳಿಯ ಉದ್ದ ಎಷ್ಟಿರಬೇಕು ಅನ್ನುವುದಕ್ಕೇ ಒಂದು ಮಳೆಗಾಲ ಹೋಯಿತು. ಕೊನೆಗೆ ಐದೂರಿನ ಅಗುಳಿಯೂ ಒಂದೇ ಅಳತೆ ಅಂತ ಗೊತ್ತುಮಾಡಿದರು. ಯಾವ ಊರಿನ ಅಗುಳಿ ಯಾವ ಊರಿಗಾದರೂ ಕೂರಬೇಕು, ಒಬ್ಬ ಹೆಂಗಸಿನ ಕೈಗೆ ಎತ್ತಲು ಆಗಬೇಕು. ಆಡಿಕೊಳ್ಳುತ್ತೇನೆ, ನಿಜ. ಆದರೆ ಆ ಮುದುಕರನ್ನು ನೆನೆದು ಒಮ್ಮೊಮ್ಮೆ ಕೈ ಮುಗಿಯುತ್ತೇನೆ. ಹಲ್ಲು ಕಡಿದುಕೊಂಡೇ ಆಗಲಿ, ತಮ್ಮ ಮನೆಯ ಅಗುಳಿಯನ್ನು ನೆನ್ನೆಯ ಶತ್ರುವಿನ ಕೈಗೆ ಕೊಟ್ಟರಲ್ಲ! ಅದಾದಮೇಲೆ ಧೂಳು ಎಷ್ಟೋ ಸಲ ಬಂತು. ಪ್ರತಿ ಬಾಗಿಲ ಮುಂದೆಯೂ ಒಬ್ಬ ಎಚ್ಚರದ ಮನುಷ್ಯ ಕೂತಿದ್ದನ್ನು ನೋಡಿ, ಸುತ್ತು ಹಾಕಿ ಹಾಗೇ ಹೋಯಿತು.

ಇನ್ನು ಉಪ್ಪಿನೂರಿನ ಹಿರಿಯನ ವಿಷಯ.

ಉಪ್ಪಿನೂರು ಇರುವುದು ಸೀಮೆಯ ಆ ಕಡೆ, ಕೆಸರು ಬಯಲಿನ ಅಂಚಿನಲ್ಲಿ. ಕುದುರೆ ಕಾಲಿಟ್ಟರೆ ಹೂತುಹೋಗುತ್ತೆ. ಹಾಗಾಗಿ ಆ ಹಿರಿಯನ ಆಯುಷ್ಯದಲ್ಲಿ ಧೂಳು ಅವನೂರಿನ ಹತ್ತಿರ ಸುಳಿದಿರಲಿಲ್ಲ. "ನಮ್ಮ ಉಪ್ಪಿನ ಪಾತಿಗೇ ಕೈ ಸಾಲದು. ತಿಂಗಳು ತಿಂಗಳು ಒಂದಾಳನ್ನ ಮಗ್ಗದೂರಿನ ಬಾಗಿಲಿಗೆ ಯಾಕೆ ಕಳಿಸಬೇಕು?" ಅಂತ ಅವನ ತಕರಾರು. ಕೂಟ ಬಿಟ್ಟು ಹೋಗುತ್ತೇನೆ ಅನ್ನುವ ಧೈರ್ಯವೂ ಇಲ್ಲ. ಅಕ್ಕಿ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ. ಕೊನೆಗೆ ಒಂದು ಉಪಾಯ ಮಾಡಿದ. ಆಳಿನ ಬದಲು ಅಗುಳಿ ಕಳಿಸಿದ.

ಅಂತಿಂಥ ಅಗುಳಿಯಲ್ಲ. ಹಳೆಯ ಅಳತೆಯನ್ನೆಲ್ಲ ಬದಿಗಿಟ್ಟು, ಒಂದು ವರ್ಷ ಕೂತು ಮಾಡಿಸಿದ ಕಬ್ಬಿಣದ ಅಗುಳಿ. ತಾಳೆಮರದಷ್ಟು ದಪ್ಪ. ಎತ್ತಲು ಎಂಟು ಜನ ಬೇಕು. ಎರಡು ತುದಿಗೂ ಸಿಂಹದ ಮುಖ. ಡೊಳ್ಳು ಬಡಿಸಿಕೊಂಡು, ಹೂವಿನ ಹಾರ ಹಾಕಿಸಿ, ಮಗ್ಗದೂರಿನ ಹೆಬ್ಬಾಗಿಲ ಮುಂದೆ ತಂದು ಇಳಿಸಿದರು. "ಇದು ಹತ್ತು ಕಾವಲುಗಾರರಿಗೆ ಸಮ," ಅಂತ ಹಿರಿಯ ಭಾಷಣ ಮಾಡಿದ. ಮಗ್ಗದೂರಿನ ಜನ ಪಾಪ ಒಳ್ಳೆಯವರು, ಕಣ್ಣಿಗೆ ಚೆಂದ ಕಂಡದ್ದನ್ನು ಬೇಡ ಅನ್ನುವವರಲ್ಲ. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಆರತಿ ಎತ್ತಿದರು. ಅದನ್ನು ಎತ್ತಿ ಬಾಗಿಲಿಗೆ ಹಾಕುವ ಎಂಟು ಜನ ಹೊರಗೆ ಎಲ್ಲಿದ್ದಾರೆ ಅಂತ ಒಬ್ಬರೂ ಕೇಳಲಿಲ್ಲ. ನೋಡಲು ಹೋಗಿದ್ದ ನಾನು ಕೇಳಿದೆ. "ನೀನು ಸುಮ್ನಿರೇ ಎಣ್ಣೆಯವಳೇ, ಒಳ್ಳೆ ಕೆಲಸಕ್ಕೆ ಅಪಶಕುನ ನುಡೀಬೇಡ," ಅಂದರು. ನಾನು ಬಾಯಿ ಮುಚ್ಚಿಕೊಂಡೆ.

ಆ ತಿಂಗಳು ನಮ್ಮ ಬಾಗಿಲಿಗೆ ಕಾವಲು ಬಂದವಳು ಮಗ್ಗದೂರಿನ ಒಬ್ಬ ನೇಯ್ಗೆಯವಳು. ಮಗ್ಗದವಳು ಅಂತ ಕರೆಯುತ್ತಿದ್ದೆವು. ಗಂಡ ಇಲ್ಲ. ಇರುವವಳು ಒಬ್ಬಳೇ ಮಗಳು, ತುಂಬು ಬಸುರಿ. ಅವಳನ್ನು ಬಿಟ್ಟು ಬಂದಿದ್ದಳು. ಯಾರನ್ನಾದರೂ ಬದಲಿ ಕಳಿಸಬಾರದಿತ್ತೇನೇ ಅಂದರೆ, "ಬದಲಿ ಬರೋರಿಗೂ ಮನೇಲಿ ಏನೋ ಒಂದು ಇದ್ದೇ ಇರುತ್ತೆ ಅಕ್ಕ," ಅಂದಳು. ಬಂದ ಮೂರನೇ ದಿನ, ದಾರಿಯಲ್ಲಿ ಹೋಗುತ್ತಿದ್ದ ಕುರಿಗಾಹಿಯೊಬ್ಬ ದೂರದಿಂದಲೇ ಕೂಗಿ ಹೇಳಿದ: ನಿನ್ನ ಮಗಳು ಹೆತ್ತಳು, ಹೆಣ್ಣು ಕೂಸು, ಇಬ್ಬರೂ ಚೆನ್ನಾಗಿದ್ದಾರೆ! ಅವಳು ಕೂತಲ್ಲೇ ನೆಲ ಮುಟ್ಟಿ ನಮಸ್ಕಾರ ಮಾಡಿದಳು. ನಾನು ಕಿಂಡಿಯಿಂದ ಬೆಲ್ಲ ಕೊಟ್ಟೆ. ಆಮೇಲೆ ದಿನಾ ಅದೇ ಮಾತು. ಕೂಸು ಯಾರ ಹಾಗಿರಬಹುದು ಅಕ್ಕ? ಕೂದಲು ಇರಬಹುದಾ? ನನ್ನ ಮಗಳಿಗೆ ಹುಟ್ಟಿದಾಗ ತಲೆತುಂಬ ಕೂದಲಿತ್ತು.

ಕೂಸಿಗೆ ಒಂಬತ್ತು ದಿನ ತುಂಬಿದ ಬೆಳಗ್ಗೆ ಕೊಂಬು ಕೂಗಿತು.

ಹೊತ್ತು ಮಾರುದ್ದ ಏರಿತ್ತು. ನಾನು ತಿರುಗುಣಿಯ ಬಳಿ ಕೂತಿದ್ದೆ. ಬಾಗಿಲು ಮುಚ್ಚಿತು, ಅಗುಳಿ ಬಿತ್ತು.

"ಹೊರಗೆ ಯಾರು?" ಅಂದೆ.

"ನಿಮ್ಮೂರ ಬೆನ್ನು," ಅಂದಳು. ದನಿ ಎಂದಿನಂತೇ ಇತ್ತು.

"ಧೂಳು ಎಷ್ಟು ದೂರ ಇದೆಯೇ? ಇಲ್ಲಿಗೇ ಬರ್ತಿದೆಯಾ?"

"ಇಲ್ಲಿಗಲ್ಲ ಅಕ್ಕ."

"ಮತ್ತೆಲ್ಲಿಗೆ?"

ಕಿಂಡಿಯಿಂದ ನನಗೆ ಕಾಣುತ್ತಿದ್ದದ್ದು ಅವಳ ತುರುಬು ಮತ್ತು ಎರಡು ಹೆಗಲು.

"ನಮ್ಮೂರಿಗೆ," ಅಂದಳು.

ಮಗ್ಗದೂರಿನ ಬಾಗಿಲ ಮುಂದೆ ಯಾರಿದ್ದಾರೆ? ಸಿಂಹದ ಮುಖದ ಕಬ್ಬಿಣ ಇದೆ. ಅದು ನೆಲದ ಮೇಲೆ ಮಲಗಿದೆ.

"ಓಡೇ! ನಮ್ಮ ಅಗುಳಿ ಹಾಕಿದೀಯಲ್ಲ, ನಮಗೇನಾಗಲ್ಲ. ನೀನು ನಿನ್ನೂರಿಗೆ ಓಡು!"

"ಹೊರಗಿರೋ ಅಗುಳಿ ಯಾರು ಬೇಕಾದ್ರೂ ತೆಗೀಬಹುದು ಅಕ್ಕ. ಎದುರಿಗೆ ಒಬ್ಬರು ಕೂತಿದ್ದರೇ ಅದಕ್ಕೆ ಬೆಲೆ. ನಾನೆದ್ದು ಹೋದರೆ ನೀವೆಲ್ಲ ದೊಡ್ಡಿಯೊಳಗಿನ ದನ ಆಗ್ತೀರಿ."

"ನಿನ್ನ ಮಗಳು ಹಸಿ ಬಾಣಂತಿ ಕಣೇ!"

"ಗೊತ್ತು."

ಅಷ್ಟೇ ಅಂದಳು. ಎಣ್ಣೆಯ ಗಿಂಡಿ ಅಲ್ಲೇ ಬಿಸಾಕಿ ಚಾವಡಿಗೆ ಓಡಿದೆ.

ಊರವರೆಲ್ಲ ಅಲ್ಲಿ ಸೇರಿದ್ದರು. ನಮ್ಮೂರ ಯಜಮಾನ ಎಲೆ ಅಡಿಕೆ ಮೆಲ್ಲುತ್ತಾ ಕೂತಿದ್ದ. ಅವನು ಒಂದು ಮಾತಾಡಬೇಕಾದರೆ ಒಂದು ಕಟ್ಟು ಎಲೆ ಖಾಲಿಯಾಗಬೇಕು, ಅಷ್ಟು ನಿಧಾನ. ನಾನು ಏದುಸಿರು ಬಿಡುತ್ತಾ ಎಲ್ಲ ಹೇಳಿದೆ. ದೊಡ್ಡ ಗಾಣದ ಒಡೆಯ ಎದ್ದು ನಿಂತ.

"ಧೂಳು ನಮ್ಮ ಕಡೆ ಬರ್ತಿಲ್ಲ. ನಮ್ಮ ಬಾಗಿಲಿಗೆ ಕಾವಲಿದೆ. ಕಟ್ಟಳೆ ಏನು ಹೇಳುತ್ತೆ? ಪಕ್ಕದೂರಿನ ಬಾಗಿಲು ಹಾಕು ಅನ್ನುತ್ತೆ. ಮಗ್ಗದೂರಿನ ಬಾಗಿಲು ಹಾಕಬೇಕಾದೋರು ಉಪ್ಪಿನೂರಿನೋರು, ನಾವಲ್ಲ."

"ಥೂ ನಿನ್ನ ಕಟ್ಟಳೆಗಿಷ್ಟು," ಅಂದೆ. "ಊರಿಗೆ ಬಂದವಳು ನೀರಿಗೆ ಬರದೇ ಇರ್ತಾಳಾ? ಇವತ್ತು ಅಲ್ಲಿ ಬಾಗಿಲು ತೆರೆದಿದೆ ಅಂತ ರುಚಿ ಕಂಡರೆ ನಾಳೆ ನಿನ್ನ ಗಾಣದ ಮುಂದೆ ಬಂದು ನಿಲ್ತಾರೆ."

"ನಾವು ಹೋದರೆ ಇವತ್ತೇ ಬಂದು ನಿಲ್ತಾರೆ!" ಅಂದ ಒಡೆಯ. ಅವನು ಹೇಳಿದ್ದು ಸುಳ್ಳಲ್ಲ.

ಯಜಮಾನ ಎಲೆ ಉಗಿದ. ಬಾಯಿ ಒರೆಸಿಕೊಂಡ.

"ಹೊರಗೆ ಕೂತಿರೋಳು ಯಾರನ್ನ ಕಾಯ್ತಿದಾಳೆ?" ಅಂದ.

"ನಮ್ಮನ್ನ."

"ಅವಳ ಮಗಳನ್ನ ಯಾರು ಕಾಯ್ತಿದಾರೆ?"

ಎದ್ದು ನಿಂತಿದ್ದ ಒಡೆಯ ಕೂತುಬಿಟ್ಟ.

"ಹಂಗಾದರೆ ಏಳಿ," ಅಂದ ಯಜಮಾನ. ಇಡೀ ಜನ್ಮದಲ್ಲಿ ಆ ಮನುಷ್ಯ ಅಷ್ಟು ಬೇಗ ಮಾತು ಮುಗಿಸಿದ್ದನ್ನು ನಾನು ಕಂಡಿರಲಿಲ್ಲ.

ಒನಕೆ ಹಿಡಿದವರು, ಹಾರೆ ಹಿಡಿದವರು, ಈಟಿ ಹಿಡಿದವರು, ಎಲ್ಲ ಬಾಗಿಲ ಬಳಿ ಬಂದರು. ದೊಡ್ಡ ಗಾಣದ ಒಡೆಯನೂ ಗೊಣಗುತ್ತಾ ಕೊಡಲಿ ಹಿಡಿದು ಬಂದ. ಯಜಮಾನ ಕಿಂಡಿಗೆ ಬಾಯಿಟ್ಟ.

"ಅಗುಳಿ ತೆಗಿಯವ್ವ. ನಾವೂ ನಿನ್ನ ಜೊತೆ ಬರ್ತೀವಿ. ನಿನ್ನೂರ ಬಾಗಿಲಿಗೆ ಹೋಗಿ ನಿಲ್ಲೋಣ."

ಹೊರಗೆ ಅವಳು ಜೋರಾಗಿ ಅತ್ತುಬಿಟ್ಟಳು. "ಬೇಡ ಯಜಮಾನ್ರೇ. ನಿಮ್ಮನ್ನ ಕಾಯೋಕೆ ಬಂದೋಳು ನಾನು. ನಿಮ್ಮೂರು ಬರಿದಾಗುತ್ತೆ. ತೆರೆದು ಬಿದ್ದಿರುತ್ತೆ."

"ಗೊತ್ತು," ಅಂದ ಯಜಮಾನ.

ಅಗುಳಿ ಸರಿಯಿತು. ಬಾಗಿಲು ತೆರೆಯಿತು, ಒಂದಿಷ್ಟೂ ಸದ್ದಿಲ್ಲದೆ. ಮಕ್ಕಳನ್ನೂ ಮುದುಕರನ್ನೂ ನಡುಗುಡ್ಡಕ್ಕೆ ಕಳಿಸಿದೆವು. ನನ್ನನ್ನೂ ಆ ಗುಂಪಿಗೆ ಸೇರಿಸಲು ನೋಡಿದರು. ಬೈದೆ. ಬಿಟ್ಟರು.

ಬಯಲಿನಲ್ಲಿ ನಾವು ಓಡಿದೆವು. ಎಡಗಡೆಗೆ ಧೂಳು, ಬಲಗಡೆಗೆ ನಾವು, ಎದುರಿಗೆ ಮಗ್ಗದೂರು. ಎಲ್ಲರಿಗಿಂತ ಮುಂದೆ ಮಗ್ಗದವಳು, ಸೀರೆ ಸೊಂಟಕ್ಕೆ ಸಿಕ್ಕಿಸಿಕೊಂಡು. ಧೂಳಿಗಿಂತ ನಾಲ್ಕು ಮಾರು ಮೊದಲು ನಾವು ಮುಟ್ಟಿದೆವು. ಆ ದರಿದ್ರ ಕಬ್ಬಿಣವನ್ನು ಎಡವಿ ನನ್ನ ಹೆಬ್ಬೆರಳಿನ ಉಗುರು ಹಾರಿಹೋಯಿತು. ಅದನ್ನು ಎತ್ತಿ ಹಾಕಲು ಹೊತ್ತೆಲ್ಲಿತ್ತು? ಮಾಡಿಸಿದವನ ಮನೆ ಹಾಳಾಗ ಅಂತ ಅಲ್ಲೇ ಶಾಪ ಹಾಕಿದೆ.

ಒಳಗಿನವರು ಬಾಗಿಲನ್ನು ಮುಚ್ಚಿ, ಅಂಗೈ ಕೊಟ್ಟು ಒತ್ತಿಕೊಂಡು ನಿಂತಿದ್ದರು. ಬೇರೇನು ಮಾಡಿಯಾರು? ತಲೆಮಾರುಗಳಿಂದ ತಮ್ಮ ಬಾಗಿಲನ್ನು ತಾವು ಹಾಕಿ ಗೊತ್ತಿಲ್ಲದ ಜನ. ಒಳಗೆ ಒಂದು ಕೊಂಡಿಯೂ ಇಲ್ಲ, ಒಂದು ಗೂಟವೂ ಇಲ್ಲ. ನಾವು ಬಂದ ಸದ್ದಿಗೆ ಧೂಳಿನವರೇ ಬಂದರು ಅಂದುಕೊಂಡು ಹೆಂಗಸೊಬ್ಬಳು ನಡುಗುವ ದನಿಯಲ್ಲಿ ಕೂಗಿದಳು:

"ಹೊರಗೆ ಯಾರು?"

ಇನ್ನೂರು ಗಂಟಲು ಒಟ್ಟಿಗೆ ಹೇಳಿದವು: "ನಿಮ್ಮೂರ ಬೆನ್ನು!"

ಒಳಗಿಂದ ಒಂದು ಸಣ್ಣ ದನಿ, "ಅವ್ವಾ?" ಅಂತು.

ಮಗ್ಗದವಳು ಬಾಗಿಲಿಗೆ ಬೆನ್ನು ಕೊಟ್ಟು ಬಯಲು ನೋಡುತ್ತಾ ನಿಂತಿದ್ದಳು. ಕಣ್ಣಲ್ಲಿ ನೀರು ಇಳಿಯುತ್ತಿತ್ತು. "ಇಲ್ಲೇ ಇದೀನಿ ಮಗಾ. ನೀನು ಬಾಗಿಲು ಒತ್ತಬೇಡ. ಬಾಣಂತಿ ನೀನು, ಹೋಗಿ ಬೆಚ್ಚಗೆ ಮಲಗು," ಅಂದಳು. ಧೂಳು ಮುಖದ ಮೇಲೆ ಬೀಳುತ್ತಿರುವಾಗ ಅವಳು ಹೇಳಿದ್ದು ಈ ಮಾತು.

ಒಳಗಿಂದ ಅಂಗೈಗಳು, ಹೊರಗಿಂದ ಬೆನ್ನುಗಳು, ನಡುವೆ ಬಾಗಿಲು. ಮೂರು ಸಲ ಧೂಳು ಬಂದು ಬಡಿಯಿತು. ಮೂರು ಸಲವೂ ನಾವು ನಿಂತೆವು. ಎರಡನೇ ಸಲ ನನ್ನ ಪಕ್ಕದಲ್ಲಿದ್ದವನು ಬಿದ್ದ. ದೊಡ್ಡ ಗಾಣದ ಒಡೆಯ. ಗೊಣಗುತ್ತಲೇ ಬಂದಿದ್ದ ಮನುಷ್ಯ, ಸಾಯುವಾಗ ಗೊಣಗಲಿಲ್ಲ. ಅವನ ಜಾಗದಲ್ಲಿ ಮಗ್ಗದವಳು ಬಂದು ನಿಂತಳು.

ನಡುಗುಡ್ಡದ ಮೇಲಿದ್ದ ಕೊಂಬಿನವನು ಇದನ್ನೆಲ್ಲ ನೋಡುತ್ತಿದ್ದ. ಒಂದು ಊರಿನವರು ತಮ್ಮ ಊರನ್ನು ಬಿಟ್ಟು ಇನ್ನೊಂದು ಊರಿನ ಬಾಗಿಲಿಗೆ ನಿಂತದ್ದನ್ನು ಅವನು ಕಂಡಿರಲಿಲ್ಲ, ಅದಕ್ಕೆ ಯಾವ ಕೂಗು ಅಂತ ಅವನಿಗೆ ಯಾರೂ ಕಲಿಸಿರಲಿಲ್ಲ. ಉಸಿರು ಇರುವತನಕ ಊದಿದ, ನಿಲ್ಲಿಸದೆ ಊದಿದ. ಯಾರೂ ಯಾರನ್ನೂ ಕರೆಯಲಿಲ್ಲ ನೋಡಿ. ಆದರೂ ಮಡಕೆಯೂರಿನ ಬಾಗಿಲು ತೆರೆಯಿತು, ಕುಲುಮೆಯೂರಿನ ಬಾಗಿಲು ತೆರೆಯಿತು. ಕುಂಬಾರರು ಕೈಯ ಮಣ್ಣನ್ನೂ ತೊಳೆಯದೆ ಬಂದರು. ಕಮ್ಮಾರರು ಒಲೆಯಿಂದ ಎಳೆದ ಕೆಂಪು ಸಲಾಕೆಗಳನ್ನು ಹಿಡಿದು ಬಂದರು. ಬಂದು ನಮ್ಮ ಪಕ್ಕಕ್ಕೆ ನಿಂತರು. ನನಗೆ ಆವತ್ತು ಎಷ್ಟು ಹೆಮ್ಮೆ ಆಯಿತು ಅಂದರೆ, ಹೆಬ್ಬೆರಳಿನ ನೋವು ಕೂಡ ಮರೆತುಹೋಯಿತು. ಉಪ್ಪಿನೂರಿನವರು ನಿಲ್ಲಬೇಕಾದ ಜಾಗ ಮಾತ್ರ ಖಾಲಿ ಇತ್ತು. ಅಲ್ಲಿ ನಾವು ಕೈ ಚಾಚಿ ನಿಂತೆವು.

ಧೂಳು ನಾಲ್ಕನೇ ಸಲ ಬಡಿಯಲಿಲ್ಲ, ಹಿಂದೆ ಸರಿಯಿತು. ನಾವು ಗೆದ್ದೆವು ಅಂತ ಯಾರೋ ಕೂಗಿದರು. ಅದು ಹಾಗೇ ಹೊರಳಿ ಗಾಣದೂರಿಗೆ ಹೋಯಿತು.

ತೆರೆದ ಊರು. ಎಣ್ಣೆಯ ಊರು. ಹೇಳಬೇಕಾದ್ದಿಲ್ಲ.

ಹೊಗೆ ಎದ್ದಾಗ ಮೊದಲು ಕಿರುಚಿದವಳು ಮಗ್ಗದವಳು. "ಅಯ್ಯೋ ನನ್ನೂರು! ನನ್ನೂರು ಸುಡ್ತಿದೆ!" ಅಂತ ತಲೆ ಚಚ್ಚಿಕೊಂಡು ಓಡಿದಳು. ಅವಳ ಹಿಂದೆಯೇ ಮಗ್ಗದೂರಿನ ಬಾಗಿಲಿತ್ತು, ಬಾಗಿಲ ಹಿಂದೆ ಮಗಳಿದ್ದಳು, ಮೊಮ್ಮಗಳಿದ್ದಳು. ಒಂದು ಸಲ ತಿರುಗಿ ನೋಡಿ ಹೋಗಬಹುದಿತ್ತು. ಆದರೆ ಅವಳು ಕಾವಲಿದ್ದದ್ದು ನಮ್ಮೂರಿಗೆ. ನಮ್ಮೂರನ್ನು ಅವಳು ನನ್ನೂರು ಅಂದಳು. ಇದನ್ನು ನಾನು ಸಾಯುವತನಕ ಮರೆಯುವುದಿಲ್ಲ.

ನಾಲ್ಕೂರಿನವರೂ ಓಡಿ ಹೋಗಿ ಬೆಂಕಿ ಆರಿಸಿದೆವು. ಅಷ್ಟರಲ್ಲಿ ಧೂಳು ಸಿಕ್ಕಿದ್ದನ್ನು ಬಾಚಿಕೊಂಡು ಹೋಗಿತ್ತು. ಮುಕ್ಕಾಲು ಊರು ಬೂದಿ. ನನ್ನ ಮನೆಯೂ ಹೋಯಿತು. ಹೆಬ್ಬಾಗಿಲ ಕದಗಳು ಸುಟ್ಟು, ಬರೀ ಕಲ್ಲಿನ ಚೌಕಟ್ಟು ಉಳಿದಿತ್ತು. ಇಷ್ಟು ವರ್ಷ ನಾನು ಎಣ್ಣೆ ಬಿಟ್ಟಿದ್ದ ಮರ, ಚೆನ್ನಾಗಿಯೇ ಉರಿದಿತ್ತು.

ಸತ್ತವರು ಆರು ಜನ. ಮೂವರು ನಮ್ಮವರು, ಇಬ್ಬರು ಕಮ್ಮಾರರು, ಒಬ್ಬ ಕುಂಬಾರ. ಯಾವ ಊರೂ ತನ್ನ ಹೆಣಕ್ಕೆ ತಾನು ಹೆಗಲು ಕೊಡಲಿಲ್ಲ. ನಮ್ಮವರನ್ನು ಮಗ್ಗದೂರಿನವರು ಹೊತ್ತರು, ಕಮ್ಮಾರರನ್ನು ನಾವು ಹೊತ್ತೆವು, ಕುಂಬಾರನನ್ನು ಕಮ್ಮಾರರು ಹೊತ್ತರು. ಹಾಗೆ ಮಾಡಿ ಅಂತ ಯಾರೂ ಹೇಳಲಿಲ್ಲ, ಕೈ ತಾನಾಗಿ ಹೋಯಿತು. ಮರುದಿನದಿಂದ ಮಡಕೆ ಬಂತು, ಹೊದಿಕೆ ಬಂತು, ಮೊಳೆ ಬಂತು, ಸೂರು ಕಟ್ಟುವ ಜನ ಬಂದರು. ಅಡುಗೆಗೆ ಉಪ್ಪು ಮಾತ್ರ ಸಾಲಲಿಲ್ಲ.

ಮಗ್ಗದವಳು ಕದವಿಲ್ಲದ ಬಾಗಿಲಲ್ಲಿ ಬಯಲಿಗೆ ಮುಖ ಮಾಡಿ ಕೂತಿದ್ದಳು. ಯಜಮಾನ ಹೋಗಿ, "ಹೋಗವ್ವ, ಮೊಮ್ಮಗಳ ಮುಖ ನೋಡ್ಕೊಂಡು ಬಾ. ಕದವೇ ಇಲ್ಲ, ಏನು ಕಾಯ್ತೀಯ?" ಅಂದ. "ಕದ ಇಲ್ಲದಿರೋದಕ್ಕೇ ಕೂತಿದೀನಿ," ಅಂದಳು. ಆ ಜಗಮೊಂಡಿಯನ್ನು ಎಬ್ಬಿಸಲು ನಮ್ಮಿಂದಾಗಲಿಲ್ಲ. ಸಂಜೆಯಾದರೆ ನಾವು ಬೂದಿಯ ಮೇಲೆ ಚಾಪೆ ಹಾಕಿ ಮಲಗುತ್ತಿದ್ದೆವು. ಕದವಿಲ್ಲದ ಊರಲ್ಲಿ ನನಗೆ ಅಂಥ ನಿದ್ದೆ ಬರುತ್ತೆ ಅಂತ ನಾನು ಅಂದುಕೊಂಡಿರಲಿಲ್ಲ.

ಕೂಸಿಗೆ ಹದಿಮೂರನೇ ದಿನ, ತೊಟ್ಟಿಲಿಗೆ ಹಾಕುವ ಶಾಸ್ತ್ರ. ಅಜ್ಜಿ ಬರುವುದಿಲ್ಲ ಅಂದಮೇಲೆ ಮಗ್ಗದೂರಿನವರು ತೊಟ್ಟಿಲನ್ನೇ ಹೊತ್ತು ತಂದರು. ಎಲ್ಲಿ ಕಟ್ಟುವುದು? ಊರಲ್ಲಿ ಒಂದು ತೊಲೆಯೂ ಉಳಿದಿರಲಿಲ್ಲ. ಹೆಬ್ಬಾಗಿಲ ಕಲ್ಲಿನ ಚೌಕಟ್ಟಿಗೇ ಹಗ್ಗ ಬಿಗಿದು, ಕದವಿದ್ದ ಜಾಗದಲ್ಲಿ ತೊಟ್ಟಿಲು ತೂಗುಹಾಕಿದರು. ಮಗಳು ತಲೆಗೆ ಬಟ್ಟೆ ಕಟ್ಟಿಕೊಂಡು ಪಕ್ಕದಲ್ಲಿ ಕೂತಳು. ಕೂಸು ತೊಟ್ಟಿಲಲ್ಲಿ. ತೊಟ್ಟಿಲಿನ ಎರಡು ಗೇಣು ಮುಂದೆ ಅಜ್ಜಿಯ ಬೆನ್ನು. ಕೂಸು ಕುಂಯ್ ಅಂದಾಗಲೆಲ್ಲ ಆ ಬೆನ್ನು ನೆಟ್ಟಗಾಗುತ್ತಿತ್ತು. ಮುಖ ಮಾತ್ರ ಬಯಲಿಗೇ. ನೋಡುತ್ತಿದ್ದ ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡಿದ್ದರು.

ಆಗ ಬಯಲಲ್ಲಿ ಒಬ್ಬ ಮನುಷ್ಯ ಬರುವುದು ಕಂಡಿತು. ಒಬ್ಬನೇ. ರುಮಾಲು ತಲೆ ಮೇಲಿಲ್ಲ, ಕಂಕುಳಲ್ಲಿದೆ. ಉಪ್ಪಿನೂರಿನ ಹಿರಿಯ.

ನಾನು ಬಿಡುತ್ತೇನೆಯೇ? ಚೌಕಟ್ಟು ದಾಟಿ ಎದುರಿಗೇ ಹೋದೆ. "ಬಾಪ್ಪ, ಬಾ. ಎಲ್ಲಿ ಡೊಳ್ಳು? ಎಲ್ಲಿ ಹೂವಿನ ಹಾರ? ಹತ್ತು ಜನಕ್ಕೆ ಸಮ ಅಂದೆಯಲ್ಲ, ಆರು ಜನ ಸತ್ತರಲ್ಲೋ ನಿನ್ನ ಕಬ್ಬಿಣದ ಮುಂದೆ! ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒ‌ಲೆ ಉರೀತು. ಯಾವ ಮುಖ ಇಟ್ಕೊಂಡು ಬಂದೆ?"

"ಬೈಯವ್ವ," ಅಂದ ಅವನು. "ಬೈಸಿಕೊಳ್ಳೋಕೇ ಬಂದೆ. ನಿಮ್ಮೂರ ಬೂದಿ ನಾಲ್ಕು ದಿನ ನಮ್ಮ ಪಾತಿಗಳ ಮೇಲೆ ಬಿತ್ತು. ಉಪ್ಪೆಲ್ಲ ಕಪ್ಪಾಯ್ತು. ಆ ಉಪ್ಪು ಹಾಕಿ ಅಡುಗೆ ಮಾಡಲ್ಲ ಅಂತ ನಮ್ಮೂರ ಹೆಂಗಸರು ಒಲೆ ಹಚ್ಚಲಿಲ್ಲ. ನನ್ನ ಹೆಂಡತಿಯೇ ಮೊದಲು. ಮಗ್ಗದೂರಿನ ಬಾಗಿಲಿಗೆ ಇವತ್ತು ಬೆಳಗ್ಗೆ ನಮ್ಮವರು ಹೋಗಿ ಕೂತಿದ್ದಾರೆ."

"ಹಾಗಾದರೆ ಅಲ್ಲಿಗೆ ಹೋಗು. ಇಲ್ಲಿಗ್ಯಾಕೆ ಬಂದೆ?"

"ಇವಳು ಇನ್ನೂ ತಿರುಗಿ ನೋಡಿಲ್ಲ ಅಂತ ಕೇಳಿದೆ."

ನಾನು ದಾರಿ ಬಿಟ್ಟೆ. ಅವನು ಮಗ್ಗದವಳ ಮುಂದೆ ಬಂದು ನಿಂತ. "ಏಳು ತಾಯಿ. ನಾನು ಕೂರ್ತೀನಿ," ಅಂದ.

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಇದು ನಿಮ್ಮ ಸರದಿಯಲ್ಲ."

"ನನ್ನ ಸರದಿ ಆಗಲೇ ತಪ್ಪಿಹೋಗಿದೆ ತಾಯಿ."

ಅವಳು ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ಮುದುಕ ಕಷ್ಟಪಟ್ಟು ನೆಲಕ್ಕೆ ಕೂತ, ಊರಿಗೆ ಬೆನ್ನು ಕೊಟ್ಟ, ಬಯಲಿಗೆ ಮುಖ ಮಾಡಿದ. ಅವನು ಸರಿಯಾಗಿ ಕೂತಿದ್ದಾನೆಯೇ ಅಂತ ಅವಳು ಬಗ್ಗಿ ನೋಡಿದಳು. ಆಮೇಲೆ ಕೈಯೂರಿ ಎದ್ದಳು. ಹದಿನೈದು ದಿನ ಒಂದೇ ಕಡೆ ನೋಡಿದ ಕುತ್ತಿಗೆ, ಸುಲಭವಾಗಿ ತಿರುಗಲಿಲ್ಲ. ತಿರುಗಿತು.

ಕೂಸಿಗೆ ತಲೆತುಂಬ ಕೂದಲಿತ್ತು. ಅವಳು ಎರಡೂ ಕೈಯಲ್ಲಿ ಎತ್ತಿಕೊಂಡು ಎದೆಗೊತ್ತಿಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ ನನಗೆ ತಿಳಿಯಲಿಲ್ಲ, ನನ್ನ ಕಣ್ಣೇ ಮಂಜಾಗಿತ್ತು.

ಮುದುಕನಿಗೆ ತಡೆಯಲಾಗಲಿಲ್ಲ. ಕೂತಲ್ಲಿಂದಲೇ ಕತ್ತು ಒಂದಿಷ್ಟು ವಾಲಿಸಿ ಕೇಳಿದ: "ಯಾರ ಹಾಗಿದೆ ಕೂಸು?"

"ನೀವು ಮುಂದೆ ನೋಡಿ," ಅಂದಳು ಮಗ್ಗದವಳು.